ಹತ್ತೊಂಬತ್ತು ಸೆಕೆಂಡಿನ ಮಾತು

ಹನ್ನೊಂದು ವರ್ಷಗಳಲ್ಲಿ ಪದಸಂಜೆಯಲ್ಲಿ ಭೀಮರಾಜು ಮೇಷ್ಟ್ರ ಮಾತನ್ನು ತಿದ್ದಿದವರು ಒಬ್ಬರೂ ಇರಲಿಲ್ಲ.

ಪದಸಂಜೆ ಅಂದರೆ ದೊಡ್ಡ ಸಮಾರಂಭವೇನಲ್ಲ. ತಿಪಟೂರಿನ ಕೊಬ್ಬರಿ ವರ್ತಕ ಸೂರ್ಯಪ್ರಕಾಶ್ ತಮ್ಮ ಮಂಡಿಯ ಮೇಲಂತಸ್ತಿನಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಐವತ್ತು ಕುರ್ಚಿ ಹಾಕಿಸುತ್ತಿದ್ದರು. ಕೆಳಗೆ ಉಂಡೆ ಕೊಬ್ಬರಿಯ ಮೂಟೆಗಳು, ಮೇಲೆ ಕನ್ನಡದ ಮಾತು. ಒಂದು ಸಂಜೆಗೆ ಒಂದೇ ಪದ. ಅದು ಎಲ್ಲಿಂದ ಬಂತು, ಮೊದಲು ಏನರ್ಥವಿತ್ತು, ನಮ್ಮ ಬಾಯಿಗೆ ಬಿದ್ದ ಮೇಲೆ ಏನಾಯಿತು. ಹೇಳುವವರು ಹೈಸ್ಕೂಲಿನ ಕನ್ನಡ ಮೇಷ್ಟ್ರು ಭೀಮರಾಜು. ಕೇಳುವವರು ಊರಿನ ವಕೀಲರು, ಬ್ಯಾಂಕಿನವರು, ಟೀಚರುಗಳು, ತುರುವೇಕೆರೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಬಸ್ಸು ಹತ್ತಿ ಬರುವ ತೋಟದವರು. ಅಲ್ಲಿ ಆಡಿದ ಮಾತನ್ನೇ ಮೇಷ್ಟ್ರು ಊರಿನ ವಾರಪತ್ರಿಕೆಗೂ ಬರೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಪದದ ಮೇಷ್ಟ್ರೇ" ಎಂದು ಕೂಗಿದರೆ ತಿರುಗಿ ನೋಡುವ ಮುಂಚೆ ಒಂದು ಗಳಿಗೆ ತಡೆಯುತ್ತಿದ್ದರು, ಇನ್ನೊಮ್ಮೆ ಕೂಗಲಿ ಎಂದು.

ಕಳೆದ ಜುಲೈಯಲ್ಲಿ ಅವರು ಅರಬ್ಬಿ, ಫಾರ್ಸಿಯಿಂದ ಬಂದ ಪದಗಳ ಬಗ್ಗೆ ಮಾತಾಡಿದರು. ಕೊನೆಗೆ, ಆ ವಾರ ಪೇಪರಿನಲ್ಲೆಲ್ಲ ಇದ್ದ ಪದವೊಂದನ್ನು ಎತ್ತಿಕೊಂಡರು.

"ಫಿದಾಯೀನ್ ಅಂದರೆ ಆತ್ಮಾಹುತಿ ಭಯೋತ್ಪಾದಕ. ಒಬ್ಬನಿದ್ದರೆ ಫಿದಾಯೀನ್, ಹತ್ತು ಜನ ಇದ್ದರೆ ಫಿದಾಯೀನ್‌ಗಳು."

ಕೊನೆಯ ಸಾಲಿನಲ್ಲಿ ಕುಳಿತಿದ್ದ ಯುವತಿಯೊಬ್ಬಳು ಎದ್ದು ನಿಂತಳು. ಹುಳಿಯಾರು ಹತ್ತಿರದ ಕೆಂಕೆರೆಯವಳು, ಹೆಸರು ನಯನ. ಮೈಸೂರಿನಲ್ಲಿ ಭಾಷಾಶಾಸ್ತ್ರ ಓದಿ, ಜೊತೆಗೆ ಉರ್ದುವನ್ನೂ ಒಂದಿಷ್ಟು ಅರಬ್ಬಿಯನ್ನೂ ಕಲಿತು, ತಿಂಗಳ ಹಿಂದಷ್ಟೇ ಊರಿನ ಖಾಸಗಿ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಳು.

"ಸರ್, ತಪ್ಪು ತಿಳ್ಕೋಬೇಡಿ. ಫಿದಾಯೀನ್ ಅನ್ನೋದೇ ಬಹುವಚನ. ಒಬ್ಬನಿದ್ರೆ ಫಿದಾಯೀ. ಅದಕ್ಕೆ 'ಗಳು' ಸೇರಿಸಿದ್ರೆ ಎರಡು ಸಲ ಬಹುವಚನ ಆಗುತ್ತೆ."

"ಹಂಗಾದ್ರೆ ನಮ್ ಮೇಷ್ಟ್ರು ಮಕ್ಕಳುಗಳು ಅಂದಂಗಾಯ್ತು ಕಣ್ಲಾ!" ಎಂದು ತುರುವೇಕೆರೆ ಕಡೆಯ ಯಾರೋ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಸಭೆ ಗೊಳ್ಳೆಂದಿತು.

ಭೀಮರಾಜು ತಾವೂ ನಕ್ಕರು. "ಒಳ್ಳೆ ಮಾತು, ಒಳ್ಳೆ ಮಾತು" ಎಂದರು. ಸಭೆ ಮುಗಿದ ಮೇಲೆ ಸೂರ್ಯಪ್ರಕಾಶ್ ಟೀ ಲೋಟವನ್ನು ಮೊದಲು ಆ ಹುಡುಗಿಯ ಕೈಗೆ ಕೊಟ್ಟರು. ಹನ್ನೊಂದು ವರ್ಷದಿಂದ ಮೊದಲ ಲೋಟ ಮೇಷ್ಟ್ರದು. "ಬರೋ ತಿಂಗಳು ನೀವೇ ಮಾತಾಡ್ಬೇಕು ಕಣಮ್ಮ, ಅದೇ ಪದದ ಮೇಲೆ" ಎಂದು ಅವರು ಹೇಳಿದಾಗ ಸುತ್ತ ನಿಂತಿದ್ದವರು ಹೂಂಗುಟ್ಟಿದರು. ಮೇಷ್ಟ್ರ ಕಡೆ ಯಾರೂ ನೋಡಲಿಲ್ಲ.

ಮನೆಗೆ ಬಂದು ಹೆಂಡತಿ ಶಾಂತಕುಮಾರಿಗೆ ನಡೆದದ್ದನ್ನು ಹಗುರವಾಗಿ, ತಮಾಷೆ ಎಂಬಂತೆ ಹೇಳಿದರು. ಆಕೆ ಬೆಳ್ಳುಳ್ಳಿ ಸುಲಿಯುತ್ತ ಕೇಳಿ, "ಒಳ್ಳೇದಾಯ್ತು ಬುಡಿ. ಇಷ್ಟು ದಿವ್ಸ ಒಬ್ರೇ ಇದ್ರಿ, ಈಗೊಬ್ರು ಜೊತೆ ಸಿಕ್ಕಂಗಾಯ್ತು" ಎಂದಳು.

ಜೊತೆ! ಆ ಮಾತು ಅವರನ್ನು ಒಂದು ತಿಂಗಳು ಸುಟ್ಟಿತು. ಇದ್ದ ಬದ್ದ ನಿಘಂಟುಗಳನ್ನೆಲ್ಲ ತೆಗೆದು ಅವಳು ಹೇಳಿದ್ದು ತಪ್ಪಿರಲಿ ಎಂದು ಹುಡುಕಿದರು. ತಪ್ಪಿರಲಿಲ್ಲ. ವಾರಪತ್ರಿಕೆಯ ಸಂಪಾದಕ ಫೋನ್ ಮಾಡಿ, "ಆ ಮೇಡಂ ನಂಬರ್ ಇದ್ರೆ ಕೊಡಿ ಸಾರ್, ಅವರ ಕೈಲೂ ಏನಾದ್ರೂ ಬರೆಸೋಣ" ಎಂದಾಗ, ನಂಬರ್ ಫೋನಿನಲ್ಲಿದ್ದರೂ ಇಲ್ಲ ಎಂದುಬಿಟ್ಟರು. ಕಾಲೇಜಿನ ಮುಂದೆ ಸ್ಕೂಟರಿನಲ್ಲಿ ಹೋಗುವಾಗ ಅವಳು ಹೊಂಗೆ ಮರದ ಕೆಳಗೆ ಹುಡುಗಿಯರ ಗುಂಪಿಗೆ ಏನೋ ಹೇಳುತ್ತಿದ್ದುದನ್ನು ಒಮ್ಮೆ ಕಂಡರು. ಅವರೆಲ್ಲ ನಗುತ್ತಿದ್ದರು. ತಮ್ಮ ತರಗತಿಯಲ್ಲಿ ಮಕ್ಕಳು ಹಾಗೆ ನಕ್ಕು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತ ರೈಲ್ವೆ ಗೇಟಿನವರೆಗೂ ಹೋಗಿದ್ದರು.

ಆಗಸ್ಟಿನ ಆ ಶನಿವಾರ ಐವತ್ತು ಕುರ್ಚಿ ಸಾಲಲಿಲ್ಲ. ಮೆಟ್ಟಿಲ ಮೇಲೂ ಜನ ನಿಂತಿದ್ದರು. ಭೀಮರಾಜು ಮುಂದಿನ ಸಾಲಿನಲ್ಲಿ ಕುಳಿತು ಜೇಬಿನಲ್ಲಿದ್ದ ಫೋನಿನ ರೆಕಾರ್ಡಿಂಗ್ ಒತ್ತಿದರು. ಯಾಕೆಂದರೆ ಇಷ್ಟು ಮಾತಾಡುವವಳು ಎಲ್ಲಾದರೂ ಎಡವಿಯೇ ಎಡವುತ್ತಾಳೆ. ಎಡವಿದ ಜಾಗ ತಮ್ಮ ಹತ್ತಿರ ಇರಲಿ.

ನಯನ ಶುರು ಮಾಡಿದ್ದೇ ಅವರ ಹೆಸರಿನಿಂದ. "ಈ ಪದಾನ ನನ್ನ ಕೈಗೆ ಕೊಟ್ಟವರು ಭೀಮರಾಜು ಸರ್. ಅವರು ಹನ್ನೊಂದು ವರ್ಷ ಹದ ಮಾಡಿದ ನೆಲದಲ್ಲಿ ನಾನು ಇವತ್ತು ಒಂದು ಬೀಜ ಹಾಕ್ತಿದೀನಿ ಅಷ್ಟೆ."

ಬೈದಿದ್ದರೆ ಸಹಿಸಬಹುದಿತ್ತು. ಇದನ್ನು ಸಹಿಸಲಾಗಲಿಲ್ಲ.

ಆಮೇಲೆ ಅವಳು ಪದವನ್ನು ತೆಂಗಿನಕಾಯಿ ಸುಲಿದಂತೆ ಸುಲಿದಳು. "ಫಿದಾ ಅಂದ್ರೆ ಮೂಲದಲ್ಲಿ, ಸೆರೆಯಲ್ಲಿರೋನನ್ನ ಬಿಡಿಸ್ಕೊಳ್ಳೋಕೆ ಕೊಡೋ ಬೆಲೆ. ನಮ್ಮ ಹುಡುಗ್ರು ಯಾರನ್ನೋ ನೋಡಿ ಫಿದಾ ಆಗ್ಬಿಟ್ಟೆ ಅಂತಾರಲ್ಲ, ಅದೂ ಇದೇ ಮರದ ಕಾಯಿ. ಫಿದಾಯೀನ್ ಅನ್ನೋ ಪದಕ್ಕೆ ಕೊಲೆಗಾರರು ಅನ್ನೋ ಅರ್ಥ ಇಲ್ಲ. ಇನ್ನೊಬ್ಬರಿಗೋಸ್ಕರ ತಮ್ಮನ್ನೇ ಬೆಲೆಯಾಗಿ ಕೊಟ್ಟುಕೊಳ್ಳೋರು, ತ್ಯಾಗಿಗಳು, ಅಂತ ಅರ್ಥ." ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು. ಒಂಬೈನೂರು ವರ್ಷದ ಹಿಂದೆ ಪರ್ಷಿಯಾದ ಬೆಟ್ಟದ ಕೋಟೆಗಳಲ್ಲಿ ಒಂದು ಪಂಗಡದ ಜನ ಈ ಹೆಸರು ಇಟ್ಟುಕೊಂಡಿದ್ದರು. ಆರ್ಮೇನಿಯಾದ ಕ್ರೈಸ್ತ ಗೆರಿಲ್ಲಾಗಳೂ ಇಟ್ಟುಕೊಂಡರು. ಈಜಿಪ್ಟ್, ಪ್ಯಾಲೆಸ್ತೀನಿನ ಗೆರಿಲ್ಲಾಗಳೂ ಇಟ್ಟುಕೊಂಡರು. ಸಾಯಲು ಸಿದ್ಧರಾಗಿ ನಮ್ಮ ಸೇನಾ ಶಿಬಿರಕ್ಕೆ ನುಗ್ಗುವವರೂ ಈಗ ಇದೇ ಹೆಸರು ಹೇಳಿಕೊಳ್ಳುತ್ತಾರೆ.

"ಗಮನಿಸಿ. ಇದು ಬೇರೆಯವರು ಕೊಟ್ಟ ಹೆಸರಲ್ಲ, ಅವರವರೇ ಇಟ್ಟುಕೊಂಡಿದ್ದು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋ ಪದ. ಮಲಗಿರೋರ ಮೇಲೆ ಗುಂಡು ಹಾರಿಸಿದೋನನ್ನ ನಮ್ಮ ಪೇಪರು ಫಿದಾಯೀನ್ ಅಂತ ಬರೆದಾಗ, ಗೊತ್ತಿಲ್ದೇನೆ ಅವನನ್ನ ತ್ಯಾಗಿ ಅಂತ ಕರೀತಿದೆ. ಸತ್ತ ಸೈನಿಕನ ತಾಯಿ ಅದನ್ನ ಓದ್ತಾಳೆ. ಆ ತಾಯಿ ಎದುರಿಗೆ ಈ ಪದ ಬಳಸೋಕೆ ನಂಗೆ ನಾಲಿಗೆ ಏಳಲ್ಲ. ಕೊಂದೋರಿಗೆ ನಾವು ನಮ್ಮ ಪದ ಹುಡುಕೋಣ, ಅವರದನ್ನ ಎರವಲು ತರೋದು ಬೇಡ."

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಭೀಮರಾಜು ಕೂಡ ತಟ್ಟಿದರು, ಪಕ್ಕದವರು ನೋಡುತ್ತಿದ್ದರಲ್ಲ.

ಮಾರನೆಯ ದಿನ ಭಾನುವಾರ. ತೋಟಕ್ಕೆ ನೀರು ಬಿಡುವ ನೆಪದಲ್ಲಿ ಹೋಗಿ, ಪಂಪ್‌ಹೌಸಿನ ಕಟ್ಟೆಯ ಮೇಲೆ ಕುಳಿತು ಇಪ್ಪತ್ತಾರು ನಿಮಿಷದ ರೆಕಾರ್ಡಿಂಗನ್ನು ಪೂರ್ತಿ ಕೇಳಿದರು. ತಪ್ಪು ಸಿಗಲಿಲ್ಲ. ಎರಡನೇ ಸಲ ಕೇಳಿದರು. ಒಂದು ಇಸವಿ, ಒಂದು ಉಚ್ಚಾರ, ಏನಾದರೂ? ಸಿಗಲಿಲ್ಲ. ಮೂರನೇ ಸಲ ಕೇಳುವಾಗ ಕೈ ತಾನಾಗಿಯೇ ನಿಲ್ಲಿಸಿತು. ತಪ್ಪು ಸಿಗದಿದ್ದರೇನು, ಹತ್ತೊಂಬತ್ತು ಸೆಕೆಂಡು ಸಿಕ್ಕಿತ್ತು. "ಫಿದಾಯೀನ್ ಅನ್ನೋ ಪದಕ್ಕೆ ಕೊಲೆಗಾರರು ಅನ್ನೋ ಅರ್ಥ ಇಲ್ಲ" ಎಂಬಲ್ಲಿಂದ "ತ್ಯಾಗಿಗಳು ಅಂತ ಅರ್ಥ" ಎಂಬಲ್ಲಿಯವರೆಗೆ. ಮುಂದಿನದನ್ನು ಕತ್ತರಿಸಿದರೆ ಅದೇ ಬೇರೆ ಮಾತು.

ಫೋನಿನಲ್ಲಿ ಕತ್ತರಿಸುವುದು ಹೇಗೆಂದು ಅವರಿಗೆ ಹೇಳಿಕೊಟ್ಟಿದ್ದು ಅವರದೇ ಶಾಲೆಯ ಮಕ್ಕಳು. ತುಣುಕನ್ನು ಹಳೆಯ ವಿದ್ಯಾರ್ಥಿ ಯೋಗೀಶನಿಗೆ ಕಳಿಸಿದರು. ಅವನು ಮೊಬೈಲಿನಲ್ಲೇ ಊರ ಸುದ್ದಿಯ ಚಾನೆಲ್ ನಡೆಸುತ್ತಿದ್ದ. ಜೊತೆಗೆ ಬರೆದರು: "ನಮ್ಮೂರಲ್ಲಿ ಹೀಗೂ ಮಾತಾಡುತ್ತಾರೆ ನೋಡಪ್ಪ. ಹೆಸರು ನಯನ, ಕಾಲೇಜಿನವರು. ನನ್ನ ಹೆಸರು ಬೇಡ." ಒಂದು ಮಾತಿನ ಪೆಟ್ಟು, ಅಷ್ಟೇ ಸಾಕು, ಸ್ವಲ್ಪ ತಗ್ಗಲಿ ಎಂದುಕೊಂಡು ನೀರಿನ ಗೇಟ್‌ವಾಲ್ವ್ ತಿರುಗಿಸಲು ಎದ್ದರು.

ಸಂಜೆಯ ಹೊತ್ತಿಗೆ "ತಿಪಟೂರಿನಲ್ಲಿ ಉಗ್ರರಿಗೆ ತ್ಯಾಗಿ ಪಟ್ಟ!" ಎಂಬ ತಲೆಬರಹದೊಂದಿಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಸೋಮವಾರ ಕಾಲೇಜಿನ ಮುಂದೆ ಜನ ಸೇರಿದರು. ಮಂಗಳವಾರ ಆಡಳಿತ ಮಂಡಳಿ ನಯನಳಿಗೆ, ವಿಷಯ ತಣ್ಣಗಾಗುವವರೆಗೆ ಬರಬೇಡಿ ಎಂದಿತು. ಕೆಂಕೆರೆಯಲ್ಲಿ ಅವಳ ಅಪ್ಪ ಹುಚ್ಚಣ್ಣನ ಮನೆಗೆ ಗುರುತುಪರಿಚಯ ಇಲ್ಲದವರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು.

ಸುಳ್ಳೇಕೆ, ಮೊದಲ ದಿನ ಭೀಮರಾಜು ಅವರಿಗೆ ಹೊಟ್ಟೆ ತಣ್ಣಗಾಗಿತ್ತು. ಅನ್ನ ರುಚಿಸಿತು. ಎರಡನೇ ದಿನಕ್ಕೆ ಅದೂ ಕೆಟ್ಟಿತು. ಊರಿಗೆ ಊರೇ ಅವಳ ಹೆಸರು ಹೇಳುತ್ತಿತ್ತು. ಬೈಯುವವರು, ಅಯ್ಯೋ ಎನ್ನುವವರು, ಎಲ್ಲರ ಬಾಯಲ್ಲೂ ನಯನ, ನಯನ. ಹಾಳಾಗುವುದರಲ್ಲೂ ಅವಳೇ ಮುಂದೆ.

ಬುಧವಾರ ಸೂರ್ಯಪ್ರಕಾಶ್ ಬಂದರು. "ಮೇಷ್ಟ್ರೇ, ಅವತ್ತು ಎಪ್ಪತ್ತು ಜನ ಇದ್ವಿ. ಒಬ್ರೂ ಬಾಯಿ ಬಿಡ್ತಿಲ್ಲ. ಎಲ್ಲಾ ನಿಮ್ ಮುಖ ನೋಡ್ತಾವ್ರೆ. ಅವಳು ಹೇಳಿದ್ದೇ ಬೇರೆ ಅಂತ ನೀವೊಂದು ಮಾತು ಬರೆದ್ರೆ ನಾವೆಲ್ಲ ಸಹಿ ಹಾಕ್ತೀವಿ."

"ನಂಗೆ ಪೂರ್ತಿ ನೆಪ್ಪಿಲ್ಲ ಸೂರ್ಯಪ್ರಕಾಶ್. ವಯಸ್ಸಾಯ್ತಲ್ಲ" ಎಂದರು ಮೇಷ್ಟ್ರು. ಪದದ ಮೇಷ್ಟ್ರಿಗೆ ಮಾತು ಮರೆಯಿತು ಎಂಬುದನ್ನು ಕೇಳಿ ಸೂರ್ಯಪ್ರಕಾಶ್ ಎದ್ದು ಹೋದರು.

ಗುರುವಾರ ಬೆಳಿಗ್ಗೆ ಹಾಲ್ಕುರಿಕೆಯ ಸಿದ್ದಮ್ಮ ಬಂದಳು. ಅವಳ ಮಗ ಪುನೀತ್ ಭೀಮರಾಜು ಅವರ ಕೈಕೆಳಗೆ ಓದಿ ಸೈನ್ಯ ಸೇರಿದವನು. ಎಂಟು ವರ್ಷದ ಹಿಂದೆ ಕಾಶ್ಮೀರದ ಶಿಬಿರವೊಂದರಲ್ಲಿ ಬೆಳಗಿನ ಜಾವ ಹಲ್ಲುಜ್ಜುತ್ತಿದ್ದಾಗ ಗುಂಡು ತಗುಲಿ ಸತ್ತಿದ್ದ. ಅವನ ಹೆಸರಿನ ಸಭೆಯಲ್ಲಿ ಮೇಷ್ಟ್ರೇ ಮಾತಾಡಿದ್ದರು. ಸಿದ್ದಮ್ಮ ಜಗಲಿಯ ಮೇಲೆ ಕುಳಿತು, ಶಾಂತಕುಮಾರಿ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಪಕ್ಕಕ್ಕಿಟ್ಟಳು.

"ಮೇಷ್ಟ್ರೇ, ನಾಳೆ ಕಾಲೇಜ್ ಮುಂದೆ ಕೂತ್ಕಳಕ್ಕೆ ನನ್ನ ಕರ್ದವ್ರೆ. ನೀನು ಮುಂದ್ಗಡೆ ಇರ್ಬೇಕು, ಪುನೀತನ ಫೋಟೋ ಹಿಡ್ಕಬೇಕು ಅಂತವ್ರೆ. ಯಾರೋ ಹುಡ್ಗಿ ಅವ್ನ ಕೊಂದೋರ್ನ ಒಳ್ಳೇವ್ರು ಅಂದ್ಲಂತೆ. ಅವ್ನು ಹೋದಾಗ ಪೇಪರ್ನಾಗೆ ಆ ಪದ ಬರ್ದಿದ್ರು, ಫಿದಾಯೀನು. ನಾನು ಅದ್ಯಾವ್ದೋ ಕಾಯ್ಲೆ ಹೆಸ್ರು ಅನ್ಕಂಡಿದ್ದೆ. ಯಾರ್ನೂ ಕೇಳ್ಲಿಲ್ಲ. ಈಗ ಹೇಳಿ, ಏನದು? ಆ ಹುಡ್ಗಿ ಏನಂದ್ಲು? ನೀವು ಅಲ್ಲೇ ಇದ್ರಂತಲ್ಲ."

ಭೀಮರಾಜು ಬಾಯಿ ತೆರೆದರು. ಸೂರ್ಯಪ್ರಕಾಶ್‌ಗೆ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಕುಳಿತವಳು ಪದದ ಅರ್ಥ ಕೇಳಿಕೊಂಡು ಬಂದಿದ್ದಳು. ಹನ್ನೊಂದು ವರ್ಷದಲ್ಲಿ ಯಾರೂ ಅವರನ್ನು ಇಷ್ಟು ಅಗತ್ಯದಿಂದ ಒಂದು ಪದದ ಅರ್ಥ ಕೇಳಿರಲಿಲ್ಲ. ಅವರು ಫೋನ್ ತೆಗೆದು ಜಗಲಿಯ ಮೇಲಿಟ್ಟು ಮೊದಲಿನಿಂದ ಹಾಕಿದರು.

ಇಪ್ಪತ್ತಾರು ನಿಮಿಷ ಸಿದ್ದಮ್ಮ ಅಲುಗಾಡಲಿಲ್ಲ. ಸತ್ತ ಸೈನಿಕನ ತಾಯಿಯ ಮಾತು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಪ್ಪಾಳೆ ಮುಗಿದ ಮೇಲೆ, "ಸರಿಯಾಗೇ ಹೇಳವ್ಳಲ್ಲ ಆ ಮಗಾ" ಎಂದಳು. ಆಮೇಲೆ ತಲೆಯೆತ್ತಿದಳು. "ಇದು ಇಷ್ಟುದ್ದ ಐತೆ. ಅವ್ರು ನಂಗೆ ಕೇಳ್ಸಿದ್ದು ಈಟೇ ಈಟು. ಈ ಪೂರ್ತಿದು ಇನ್ಯಾರತ್ರ ಐತೆ ಮೇಷ್ಟ್ರೇ?"

ಶಾಂತಕುಮಾರಿ ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ಮುಖ ನೋಡಿದಳು, ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು.

"ಯಾರತ್ರನೂ ಇಲ್ಲ" ಎಂದರು ಭೀಮರಾಜು. "ಕತ್ತರಿಸಿದ್ದು ನಾನೇ."

"ಯಾಕೆ?"

"ಹೊಟ್ಟೆಕಿಚ್ಚು ಸಿದ್ದಮ್ಮ. ಬೇರೆ ಏನಿಲ್ಲ."

ಸಿದ್ದಮ್ಮ ಕೂಗಾಡಲಿಲ್ಲ. "ನನ್ನ ಮಗನ್ನ ಮುಂದಿಟ್ಕಂಡು ತೀರ್ಸ್ಕಂಡ್ರಾ?" ಎಂದಳು. ಎದ್ದು ಚಪ್ಪಲಿ ಮೆಟ್ಟಿ ಬಸ್ಸಿನ ದಾರಿ ಹಿಡಿದಳು. ಮಜ್ಜಿಗೆ ಹಾಗೇ ಇತ್ತು.

ಭೀಮರಾಜು ಯೋಗೀಶನಿಗೆ ಫೋನ್ ಮಾಡಿದರು. ಪೂರ್ತಿ ಮಾತನ್ನು ಹಾಕು ಎಂದರು. "ಸಾ, ಈಗದು ನನ್ ಕೈಲಿಲ್ಲ" ಎಂದ ಅವನು. "ಇಪ್ಪತ್ತಾರು ನಿಮಿಷ ಯಾರು ಕೇಳ್ತಾರೆ ಹೇಳಿ? ನೀವು ಸುಮ್ನಿದ್ಬುಡಿ, ನಿಮ್ ಹೆಸ್ರು ನಾನು ಹೇಳಲ್ಲ."

ಆ ಅಭಯಕ್ಕೆ ಅವರು ಫೋನ್ ಕತ್ತರಿಸಿಬಿಟ್ಟರು.

ಶುಕ್ರವಾರ ಹತ್ತು ಗಂಟೆಗೆ ಕಾಲೇಜಿನ ಗೇಟಿನ ಮುಂದೆ ಶಾಮಿಯಾನ ಎದ್ದಿತ್ತು. ನೂರು ಜನರಿದ್ದಾರು. ಮುಂದಿನ ಸಾಲಿನಲ್ಲಿ ಸಿದ್ದಮ್ಮನಿಗೆಂದು ಇಟ್ಟಿದ್ದ ಕುರ್ಚಿ ಖಾಲಿ ಇತ್ತು, ಅವಳು ಬಂದಿರಲಿಲ್ಲ. ಮೇಷ್ಟ್ರನ್ನು ನೋಡಿ ಹಳೆಯ ಶಿಷ್ಯರಿಬ್ಬರು ಖುಷಿಯಿಂದ ದಾರಿ ಬಿಟ್ಟರು, ಮೈಕನ್ನೂ ಕೊಟ್ಟರು. ಬೈಯಲು ಬಂದಿದ್ದಾರೆ ಎಂದುಕೊಂಡಿದ್ದರು ಪಾಪ.

"ನಾನು ಭೀಮರಾಜು. ನಿಮ್ಮ ಫೋನಿನಲ್ಲಿರೋ ಮಾತನ್ನ ಕತ್ತರಿಸಿ ಹರಡಿದೋನು ನಾನೇ" ಎಂದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವರು ಫೋನನ್ನು ಮೈಕಿಗೆ ಹಿಡಿದು, ನಯನ ನೀರು ಕುಡಿದ ನಂತರದ ಮಾತನ್ನು ಕೇಳಿಸಿದರು. ಧ್ವನಿ ಗೊರಗೊರ ಎನ್ನುತ್ತಿತ್ತು, ಆದರೂ "ಅವರದನ್ನ ಎರವಲು ತರೋದು ಬೇಡ" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಹಿಂದೆ ಯಾರೋ, "ಏನ್ಲಾ ಇದು, ನಮ್ಮನ್ನ ಕೋತಿ ಮಾಡವ್ನಲ್ಲ!" ಎಂದು ಕಿರುಚಿದ. ಒಬ್ಬ ಬಂದು ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ. ಗುಂಡಿಗಳು ಕಿತ್ತುಹೋದವು. ಮೈಕ್ ಕೊಟ್ಟ ಶಿಷ್ಯರೇ ನಡುವೆ ಬಂದು ಬಿಡಿಸಿದರು, ಆದರೆ ಅವರೂ ಮುಖ ತಿರುಗಿಸಿಕೊಂಡೇ ಬಿಡಿಸಿದರು. ಮಧ್ಯಾಹ್ನದೊಳಗೆ ಶಾಮಿಯಾನದಲ್ಲಿ ಹತ್ತು ಜನರೂ ಉಳಿಯಲಿಲ್ಲ.

ಅಷ್ಟಕ್ಕೇ ಎಲ್ಲ ನೆಟ್ಟಗಾಯಿತು ಎಂದರೆ ತಪ್ಪಾಗುತ್ತದೆ. ಹತ್ತೊಂಬತ್ತು ಸೆಕೆಂಡಿನ ತುಣುಕು ಬೇರೆ ಜಿಲ್ಲೆಗಳಲ್ಲಿ ಇನ್ನೂ ತಿರುಗುತ್ತಲೇ ಇತ್ತು. ಕಾಲೇಜು ನಯನಳನ್ನು ವಾಪಸ್ಸು ಕರೆಯಲು ಎರಡು ವಾರ ತೆಗೆದುಕೊಂಡಿತು. ಮೇಷ್ಟ್ರ ಶಾಲೆ ಅವರಿಂದ ತಪ್ಪೊಪ್ಪಿಗೆ ಬರೆಸಿಕೊಂಡಿತು. ವಾರಪತ್ರಿಕೆಯಲ್ಲಿ ಅವರ ಅಂಕಣ ನಿಂತಿತು.

ಒಂದು ಭಾನುವಾರ ಗಂಡ ಹೆಂಡತಿ ಕೆಂಕೆರೆಗೆ ಹೋದರು. ಹುಚ್ಚಣ್ಣ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕಾಯಿ ಸುಲಿಯುತ್ತಿದ್ದವನು ಸುಲಿಯುತ್ತಲೇ ಇದ್ದ. ನಯನ ಹೊರಗೆ ಬಂದಳು. ಸೊರಗಿದ್ದಳು.

"ತಪ್ಪಾಯ್ತಮ್ಮ" ಎಂದರು ಭೀಮರಾಜು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಉಳಿದ ವಾಕ್ಯಗಳೆಲ್ಲ ಬಿದ್ದುಹೋದವು.

"ಸರ್, ಆ ಹತ್ತೊಂಬತ್ತು ಸೆಕೆಂಡು ಸಿಗೋಕೆ ನನ್ನ ಮಾತನ್ನ ಎಷ್ಟು ಸಲ ಕೇಳಿದ್ರಿ?"

"ಮೂರು ಸಲ."

"ಅಷ್ಟು ಗಮನ ಕೊಟ್ಟು ಇನ್ಯಾರೂ ಕೇಳಿರಲಿಕ್ಕಿಲ್ಲ" ಎಂದು ಅವಳು ಸ್ವಲ್ಪ ನಕ್ಕಳು, ಆ ನಗುವಿನಲ್ಲಿ ಸ್ನೇಹವಿರಲಿಲ್ಲ. "ನೀವು ಮೈಕ್ ಮುಂದೆ ನಿಂತಿದ್ದು ಫೋನಲ್ಲಿ ನೋಡಿದೆ. ಅದು ಸುಲಭ ಅಲ್ಲ, ಗೊತ್ತು. ಆದ್ರೆ ಅಮ್ಮ ಈಗ್ಲೂ ಫೋನ್ ರಿಂಗಾದ್ರೆ ಬೆಚ್ಚಿ ಬೀಳ್ತಾರೆ. ಕ್ಷಮಿಸ್ದೆ ಅಂತ ಹೇಳೋಕೆ ನಂಗೆ ಆಗಲ್ಲ ಸರ್. ಯಾವಾಗ ಆಗುತ್ತೋ ಗೊತ್ತಿಲ್ಲ." ಶಾಂತಕುಮಾರಿಗೆ ಮಾತ್ರ ನೀರು ತಂದುಕೊಟ್ಟಳು.

ಅಕ್ಟೋಬರಿನಲ್ಲಿ ಪದಸಂಜೆ ಮತ್ತೆ ಶುರುವಾಯಿತು. ಮಾತಾಡುವವಳು ನಯನ. ಸಿದ್ದಮ್ಮ ಹಾಲ್ಕುರಿಕೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳಂತೆ. ಭೀಮರಾಜು ಹೋಗುವುದಿಲ್ಲ, ಶಾಂತಕುಮಾರಿ ಹೋಗುತ್ತಾಳೆ. ಮೊದಲ ಸಲ ಹೋಗಿ ಬಂದವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಯಾವ ಪದ?"

"ಒಕ್ಕಲು ಅಂತ. ಒಕ್ಕಲು, ಒಕ್ಕಣೆ, ಒಕ್ಕಲಿಗ... ಎಷ್ಟು ಚೆನ್ನಾಗಿ ಹೇಳಿದ್ಲು ಅಂತೀರಾ."

ಎದೆಯೊಳಗೆ ಹಳೆಯ ಉರಿ ಅದೇ ಜಾಗದಲ್ಲಿ ಎದ್ದಿತು. ಆ ಪದದ ಮೇಲೆ ಅವರದೇ ಒಂದು ನೋಟ್‌ಬುಕ್ ತುಂಬ ಟಿಪ್ಪಣಿ ಇತ್ತು.

"ಹೋಗಿಲ್ಲ ಕಣೇ ಅದು" ಎಂದರು ಹೆಂಡತಿಗೆ, ಎದೆ ಮುಟ್ಟಿಕೊಂಡು. "ಅಷ್ಟೆಲ್ಲ ಆದ್ರೂ ಹೋಗಿಲ್ಲ."

ಶಾಂತಕುಮಾರಿ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಳು. "ಹೋಗ್ದಿದ್ರೆ ಇರ್ಲಿ ಬುಡಿ. ಅದ್ರ ಕೈಗೆ ಫೋನ್ ಮಾತ್ರ ಕೊಡ್ಬೇಡಿ" ಎಂದಳು.

ಮೇಷ್ಟ್ರು ಮಣೆ ಎಳೆದುಕೊಂಡು ಕುಳಿತರು. "ಒಕ್ಕಣೆ ಅಂದ್ಲಾ? ಅದ್ಕೆ ಏನರ್ಥ ಹೇಳಿದ್ಲು?" ಎಂದು ಕೇಳಿದರು.